ಟಿಕೆಟ್ಟಿಲ್ಲದ ಓನರು

ಒಂದು ಮನೆ. ಆ ಮನೆಗೊಂದು ಮುಂಬಾಗಿಲು, ಬಾಗಿಲಿಗೊಂದು ಬೀಗ, ಬೀಗಕ್ಕೆ ಎರಡು ಬೀಗದ ಕೈ. ಒಂದು ಬಾಡಿಗೆಗಿದ್ದವರ ಹತ್ತಿರ, ಇನ್ನೊಂದು ಮಹಡಿಯ ಮೇಲಿದ್ದ ಓನರ ಹತ್ತಿರ. ಮೊದಲನೆಯದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಇದು ಎರಡನೆಯದರ ಕಥೆ.

ಕೆಳಮನೆಯಲ್ಲಿದ್ದವನು ಬಸ್ ಕಂಡಕ್ಟರ. ಬೆಳಗಿನ ಪಾಳಿ ಮುಗಿಯುವವರೆಗೆ ಅವನದು ನಿಂತೇ ಇರುವ ಬದುಕು. ಎಡಕ್ಕೆ ಒಬ್ಬರ ಮೊಣಕೈ, ಬಲಕ್ಕೆ ಒಬ್ಬರ ಚೀಲ, ಬೆನ್ನಿಗೆ ಯಾರದೋ ಕೊಡೆಯ ತುದಿ, ಕಾಲ ಮೇಲೆ ಯಾರದೋ ಕಾಲು. ಊರಿನವರನ್ನೆಲ್ಲ ಕೂರಿಸಿ ತಾನು ನಿಲ್ಲುವ ಈ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ಮನೆಗೆ ಬಂದ ಮೇಲೆ ಒಂದಿಷ್ಟು ಹೊತ್ತು, ಯಾರೂ ಮೈಗೆ ತಾಗದ ಹಾಗೆ, ಯಾರ ಕಣ್ಣಿಗೂ ಬೀಳದ ಹಾಗೆ, ಬನಿಯನ್ನಿನಲ್ಲಿ ಕಾಲು ಚಾಚಿ ಕೂರಬೇಕು. ಅದಕ್ಕೆಂದೇ ಒಂದು ಬೆತ್ತದ ಆರಾಮ ಕುರ್ಚಿ ತಂದು, ಮುಂದಿನ ಕೋಣೆಯಲ್ಲಿ ಗೋಡೆಯೊಳಗಿನ ಬಟ್ಟೆ ಕಪಾಟಿಗೆ ಎದುರಾಗಿ ಹಾಕಿಕೊಂಡಿದ್ದ. ಹೆಂಡತಿ ಅದನ್ನು ಕುರ್ಚಿ ಅನ್ನುತ್ತಿದ್ದಳು. ಅವನ ಮಟ್ಟಿಗೆ ಅದು ಸಿಂಹಾಸನ.

ಆ ಮನೆ ನೋಡಿದ್ದು, ಮಾತಾಡಿದ್ದು, ಹಿಡಿದದ್ದು ಎಲ್ಲ ಹೆಂಡತಿಯೇ. (ಅವತ್ತು ಕಂಡಕ್ಟರನಿಗೆ ರಜೆ ಸಿಕ್ಕಿರಲಿಲ್ಲ. ಈ ಮಾತು ನೀವು ನೆನಪಿಟ್ಟುಕೊಳ್ಳಿ. ಅವನು ಮರೆತ, ಅದಕ್ಕೇ ಮುಂದಿನದೆಲ್ಲ ಆಯಿತು.)

ಓನರು ಕೆಟ್ಟವರಲ್ಲ. ದುಂಡಗೆ, ಮೆತ್ತಗೆ, ದಿಂಬಿಗೆ ಕೈಕಾಲು ಬಂದ ಹಾಗಿದ್ದ ಮನುಷ್ಯ. ಬೇರೆಯವರ ಮನೆಯೊಳಗೆ ಹೋಗುವ ಮೊದಲು ಕೆಮ್ಮಬೇಕು ಎನ್ನುವ ಮರ್ಯಾದೆಯೂ ಅವರಿಗೆ ಗೊತ್ತಿತ್ತು. ಒಳಗೆ ಬಂದ ಮೇಲೆ ಕೆಮ್ಮುತ್ತಿದ್ದರು, ಅಷ್ಟೇ ವ್ಯತ್ಯಾಸ. ಕೀಲಿ ತಿರುಗುವ ಸದ್ದು, ಬಾಗಿಲು ಕಿರ್ ಅನ್ನುವ ಸದ್ದು, ಆಮೇಲೆ ಕೋಣೆಯ ನಟ್ಟನಡುವೆ ನಿಂತು ಒಂದು ಕೆಮ್ಮು. ಒಂದು ದಿನ ನಲ್ಲಿ ಸೋರುತ್ತದೋ ನೋಡಲು ಬಂದರು. ಇನ್ನೊಂದು ದಿನ ನಲ್ಲಿ ಸೋರುತ್ತಿಲ್ಲವಲ್ಲ, ಯಾಕೆ ಅಂತ ನೋಡಲು ಬಂದರು. ಮತ್ತೊಂದು ದಿನ ಕಂಡಕ್ಟರ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಹೊರಗೆ ಬಂದರೆ, ಓನರು ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟುತ್ತಿದ್ದರು, ಡಾಕ್ಟರು ರೋಗಿಯ ಬೆನ್ನು ತಟ್ಟಿದ ಹಾಗೆ. ನೀವು ನಿಮ್ಮ ಪಾಡಿಗೆ ಬಟ್ಟೆ ಹಾಕ್ಕೊಳ್ಳಿ ಕಂಡಕ್ಟ್ರೇ, ನಾನೇನು ಹೊರಗಿನವನಾ ಅಂದರು. ಕಂಡಕ್ಟರ ಸಂಕೋಚದಿಂದ ಅಡುಗೆಮನೆಗೆ ಹೋಗಿ ಬಟ್ಟೆ ಹಾಕಿಕೊಂಡ.

ಇಷ್ಟನ್ನೂ ಅವನು ಸಹಿಸಿಕೊಂಡಿದ್ದ. ಸಹಿಸಲಾಗದೇ ಹೋದದ್ದು ಕುರ್ಚಿಯ ವಿಷಯ.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದು ಕುರ್ಚಿಗೆ ಒರಗಿದವನು ಮುಳ್ಳು ಚುಚ್ಚಿದಂತೆ ಎದ್ದು ನಿಂತ. ಕುರ್ಚಿ ಬಿಸಿಯಾಗಿತ್ತು. ಜೀವಮಾನವೆಲ್ಲ ಬಸ್ಸಿನ ಸೀಟುಗಳ ನಡುವೆ ಕಳೆದವನಿಗೆ ಸೀಟಿನ ಬಿಸಿ ಗೊತ್ತಾಗುವುದಿಲ್ಲವೇ? ಮರುದಿನವೂ ಬಿಸಿ. ಅದರ ಮರುದಿನ ಬಿಸಿಯ ಜೊತೆಗೆ ತಲೆಯಿಡುವ ಜಾಗದಲ್ಲಿ ಎಣ್ಣೆಯ ಗುರುತು. ಹೊಲಿಗೆ ಅಂಗಡಿಯಿಂದ ಹೆಂಡತಿ ಸಂಜೆ ಬರುವುದನ್ನೇ ಕಾದು ದೂರು ಕೊಟ್ಟ.

"ಬಿಸಿಲಿಗೆ ಆಗಿರತ್ತೆ ಬಿಡಿ," ಅಂದಳು ಅವಳು.

"ಬಿಸಿಲು ತಲೆಗೆ ಎಣ್ಣೆ ಹಚ್ಕೊಂಡು ಬಂದು ಕೂರತ್ತಾ? ಇದು ಮನುಷ್ಯನ ಬಿಸಿ ಕಣೇ. ಅದೂ ದಪ್ಪ ಆಳು."

"ಕುರ್ಚಿ ಮುಟ್ಟಿ ಆಳಿನ ಗಾತ್ರ ಹೇಳ್ತೀರಿ. ಒಲೆ ಮುಂದೆ ನಿಲ್ಲಿಸಿದ್ರೆ ಹಾಲು ಉಕ್ಕಿದ್ದು ಮಾತ್ರ ಗೊತ್ತಾಗಲ್ಲ."

ಇನ್ನೊಂದು ಮನೆ ಹುಡುಕುತ್ತ ಬೀದಿ ಬೀದಿ ಅಲೆಯಲು ತನ್ನ ಚಪ್ಪಲಿ ತಯಾರಿಲ್ಲ, ಓನರ ಜೊತೆ ಜಗಳ ತೆಗೆಯಬೇಡಿ ಎಂದೂ ಹೇಳಿದಳು. ಅವರು ಬಂದರೆ ಬರಲಿ, ನಮ್ಮನೇಲಿ ಮುಚ್ಚಿಡೋಕೆ ಏನಿದೆ ಅಂದಳು.

"ಮುಚ್ಚಿಡೋಕೆ ಏನೂ ಇಲ್ದೇ ಇರಬಹುದು," ಅಂದ ಕಂಡಕ್ಟರ. "ಬಾಗಿಲು ಮುಚ್ಕೊಳ್ಳೋ ಹಕ್ಕಾದ್ರೂ ಬೇಡ್ವಾ?"

ಈ ಮಾತು ತಾನೇ ಆಡಿದ್ದೋ ಎಂದು ಅವನಿಗೇ ಆಶ್ಚರ್ಯವಾಯಿತು. ಮರುದಿನ ಅದನ್ನೇ ಬಸ್ಸಿನ ಮುಂದಿನ ಸೀಟಿನ ವಕೀಲರಿಗೆ ಒಪ್ಪಿಸಿದ. ಅವರು ದಿನಾ ಅದೇ ಸೀಟಿನಲ್ಲಿ ಕರೀ ಕೋಟು ತೊಡೆಯ ಮೇಲಿಟ್ಟುಕೊಂಡು ಕೂರುವವರು. ಅವರು ಹೇಳಿದ ನ್ಯಾಯ ಸರಳವಾಗಿತ್ತು. ಬಾಡಿಗೆಗೆ ಕೊಟ್ಟ ಮೇಲೆ ಗೋಡೆ ಓನರದು, ಗೋಡೆಯೊಳಗಿನ ಗಾಳಿ ಬಾಡಿಗೆದಾರರದು. ಬೆಂಕಿ ಬಿತ್ತು, ನೀರು ನುಗ್ಗಿತು ಅಂದರೆ ಬೇರೆ ಮಾತು. ಉಳಿದಂತೆ ಮೊದಲೇ ಹೇಳಬೇಕು, ಬಾಡಿಗೆದಾರರು ಒಪ್ಪಬೇಕು, ಬಾಗಿಲು ತಟ್ಟಬೇಕು, ತೆಗೆದ ಮೇಲೆ ಒಳಗೆ ಬರಬೇಕು. ಕಂಡಕ್ಟರ ಇದನ್ನು ದಾರಿಯ ಸ್ಟಾಪುಗಳ ಹಾಗೆ ಬಾಯಿಪಾಠ ಮಾಡಿಕೊಂಡ. ಆದರೆ ಕುರ್ಚಿಯ ಬಿಸಿ ಸಾಕ್ಷಿಯಾಗುವುದಿಲ್ಲ, ನಾಲ್ಕು ಜನಕ್ಕೆ ತೋರಿಸುವಷ್ಟರಲ್ಲಿ ಆರಿಹೋಗುತ್ತದೆ, ಆಳನ್ನೇ ಹಿಡಿಯಬೇಕು ಅಂತಲೂ ವಕೀಲರು ಹೇಳಿ ಇಳಿದುಹೋದರು.

ಆಳನ್ನು ಹಿಡಿಯುವುದು. ಟಿಕೆಟ್ಟಿಲ್ಲದವರನ್ನು ಕಣ್ಣಲ್ಲೇ ಗುರುತಿಸಿ ಹಿಡಿಯುವವನಿಗೆ ಇದೊಂದು ಕೆಲಸವೇ?

ಹೆಂಡತಿಗೂ ಹೇಳದೆ ಅರ್ಧ ದಿನ ರಜೆ ಹಾಕಿ ಕಂಡಕ್ಟರ ಬೇಗ ಮನೆಗೆ ಬಂದ. ಹೊರಗಿನಿಂದ ಬೀಗ ಹಾಕಿ, ಮೊದಲೇ ತೆಗೆದಿಟ್ಟಿದ್ದ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಅಗುಳಿ ಹಾಕಿಕೊಂಡು, ಬಟ್ಟೆ ಕಪಾಟಿನೊಳಗೆ ಸೇರಿದ. ಕೊರಳಿಗೆ ದಾರ ಕಟ್ಟಿ ಸೀಟಿ ನೇತುಹಾಕಿಕೊಂಡಿದ್ದ. ಓನರು ಕುರ್ಚಿಯಲ್ಲಿ ಕೂತ ಕೂಡಲೇ ಒಂದು ದೀರ್ಘ ಸೀಟಿ, ಆಮೇಲೆ ವಕೀಲರ ಬಾಯಿಪಾಠ, ಹೀಗೆ ಸಮರದ ವ್ಯೂಹ ಸಿದ್ಧವಾಗಿತ್ತು. ಒಳಗೆ ಹೆಂಡತಿ ಗಿರಾಕಿಗಳಿಗೆ ಹೊಲಿದು ಇಸ್ತ್ರಿ ಮಾಡಿ ತೂಗುಹಾಕಿದ್ದ ಅಂಗಿಗಳ ಸಾಲು, ಮೂಲೆಮೂಲೆಯಲ್ಲೂ ನುಸಿಗುಳಿಗೆ. ಆ ಗುಳಿಗೆಯ ಘಾಟು ನುಸಿಗಳಿಗಿಂತ ಮೊದಲು ಕಂಡಕ್ಟರನನ್ನೇ ಓಡಿಸುವ ಹಾಗಿತ್ತು. ಮೂಗು ಹಿಡಿದು ಕೂತ.

ಕೀಲಿ ತಿರುಗಿತು. ಬಾಗಿಲು ಕಿರ್ ಅಂದಿತು. ಕೆಮ್ಮು ಕೇಳಿತು.

ಕಪಾಟಿನ ಸಂದಿಯಿಂದ ನೋಡುತ್ತಾನೆ, ಓನರು ನಲ್ಲಿಯ ಕಡೆ ಹೋಗಲಿಲ್ಲ, ಗೋಡೆಯ ಕಡೆ ನೋಡಲಿಲ್ಲ. ಚಪ್ಪಲಿ ಬಿಟ್ಟರು, ಅಂಗಿಯ ಮೇಲಿನ ಗುಂಡಿ ಬಿಚ್ಚಿದರು, ಇಡೀ ಲೋಕದ ಭಾರ ಇಳಿಸಿದ ಹಾಗೆ ಒಂದು ನಿಟ್ಟುಸಿರು ಬಿಟ್ಟು ಸಿಂಹಾಸನವನ್ನು ಏರಿದರು. ಬೆತ್ತ ನರಳಿತು. ಕಂಡಕ್ಟರ ಸೀಟಿಗೆ ಕೈಹಾಕುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಗೊರಕೆ ಹೊಡೆಯುವವರನ್ನು ಎಬ್ಬಿಸಲು ಅವನಿಗೆ ಒಂದು ಕ್ಷಣ ಮನಸ್ಸು ಬರಲಿಲ್ಲ. (ಕೊನೆಯ ಸ್ಟಾಪಿನಲ್ಲೂ ಮಲಗಿದವರನ್ನು ಅವನು ಮೆಲ್ಲಗೆ ಭುಜ ತಟ್ಟಿಯೇ ಎಬ್ಬಿಸುವುದು.) ಆ ಒಂದು ಕ್ಷಣವೇ ಅವನನ್ನು ಕೆಡಿಸಿತು.

ಹೊರಗೆ ಹೆಂಗಸರ ಮಾತು ಕೇಳಿತು. ಒಂದು ದನಿ ಅವನ ಹೆಂಡತಿಯದು. ಹೊಲಿಗೆ ಅಂಗಡಿಯಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಮನೆಗೆ ಕಳಿಸಿದ್ದರಂತೆ. ಇನ್ನೊಂದು ದನಿ ಓನರಮ್ಮನದು. ಬನ್ನಿ ಅಕ್ಕ, ಚಹಾ ಕುಡಿದು ಹೋಗೋರಂತೆ ಎಂದು ಹೆಂಡತಿ ಕರೆಯುತ್ತಿದ್ದಳು. ಬೀಗಾನೇ ಹಾಕಿಲ್ವಲ್ಲ ಅಕ್ಕ, ನಮ್ಮೋರಿಗೆ ಮೈಮೇಲೆ ಜ್ಞಾನವೇ ಇಲ್ಲ ಅಂತಲೂ ಅಂದಳು.

ಓನರು ಎಚ್ಚರಾದರು. ಎದ್ದರು, ಚಪ್ಪಲಿ ಕೈಗೆತ್ತಿಕೊಂಡರು, ಒಂದು ಸುತ್ತು ತಮ್ಮ ಸುತ್ತಲೇ ತಿರುಗಿದರು, ಕಪಾಟಿನ ಬಾಗಿಲು ತೆಗೆದು ಒಳಗೆ ನುಗ್ಗಿದರು. ನುಗ್ಗಿದ್ದು ಅರ್ಧ. ಉಳಿದರ್ಧ ಹೊರಗೇ ಉಳಿಯಿತು.

"ಒಳಗೆ ಸರೀರಿ, ಒಳಗೆ ಸರೀರಿ, ಒಳಗಡೆ ಖಾಲಿ ಇದೆ," ಅಂದ ಕಂಡಕ್ಟರ.

ಅದು ಅವನು ಆಡಿದ ಮಾತಲ್ಲ, ಅವನ ನೌಕರಿ ಆಡಿದ ಮಾತು. ಓನರು ಸರಿದರು. ಬಾಗಿಲು ಮುಚ್ಚಿಕೊಂಡಿತು. ಆಮೇಲೇ ಓನರಿಗೆ ಕಪಾಟಿನಲ್ಲಿ ಇನ್ನೊಬ್ಬರಿದ್ದಾರೆ ಎಂದೂ, ಕಂಡಕ್ಟರನಿಗೆ ತಾನು ಯಾರನ್ನು ಹತ್ತಿಸಿಕೊಂಡೆ ಎಂದೂ ಹೊಳೆದದ್ದು.

ಕತ್ತಲಲ್ಲಿ ಪಿಸುಮಾತಿನ ಕದನ ನಡೆಯಿತು. ಹೇಳದೆ ಕೇಳದೆ ಹೇಗೆ ಬಂದಿರಿ ಎಂದು ಕಂಡಕ್ಟರ ಕೇಳಿದ. ಇದು ನಾನು ಮಾಡಿಸಿದ ಕಪಾಟು, ಮರ ನಾನೇ ಆರಿಸಿದ್ದು ಅಂದರು ಓನರು. ಮರ ನಿಮ್ಮದು, ಒಳಗಿನ ಗಾಳಿ ನನ್ನದು ಅಂದ ಕಂಡಕ್ಟರ. ಹಾಗಾದರೆ ಸ್ವಲ್ಪ ಈ ಕಡೆ ಬಿಡಿ, ನನಗೆ ಉಸಿರುಕಟ್ಟುತ್ತಿದೆ ಅಂದರು ಓನರು. ಕೊನೆಗೆ ಅವರ ದನಿ ಮೆತ್ತಗಾಯಿತು.

"ಮೇಲೆ ನನಗೆ ಕೂರೋಕೆ ಜಾಗ ಇಲ್ಲ ಕಂಡಕ್ಟ್ರೇ. ಸೋಫಾ ಮೇಲೆ ಕೂತ್ರೆ ಕವರ್ ಸುಕ್ಕಾಗತ್ತೆ. ಹಾಸಿಗೆ ಮೇಲೆ ಕೂತ್ರೆ ಹೊದಿಕೆ ಸುಕ್ಕಾಗತ್ತೆ. ನೆಲದ ಮೇಲೆ ಕೂತ್ರೆ ಪೊರಕೆ ಬರತ್ತೆ."

ನಿಂತೇ ಬದುಕುವ ಇನ್ನೊಂದು ಜೀವ ಮೇಲ್ಮನೆಯಲ್ಲೇ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹೊರಗೆ ಚಹಾ ಬಂದಿತ್ತು, ಮಾತು ಗಂಡಂದಿರ ಕಡೆ ತಿರುಗಿತ್ತು. ನಮ್ಮೋರು ನಿದ್ದೆಯಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಅಂತ ತಳ್ಳಿ ತಳ್ಳಿ ನನ್ನನ್ನು ಮಂಚದಿಂದ ಕೆಳಗಿಳಿಸುತ್ತಾರೆ ಅಂದಳು ಕಂಡಕ್ಟರನ ಹೆಂಡತಿ. ಕನ್ನಡಿಯ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಂಡು ಇನ್‌ಸ್ಪೆಕ್ಟರ್ ಥರ ಸೆಲ್ಯೂಟ್ ಹೊಡೆಯುತ್ತಾರೆ ಅಂತಲೂ ಸೇರಿಸಿದಳು. ಕಪಾಟಿನಲ್ಲಿ ಓನರ ಹೊಟ್ಟೆ ನಗುವಿಗೆ ಕುಲುಕಿತು. ನಮ್ಮೋರು ಪಾಪ ದಿನಾ ಮಧ್ಯಾಹ್ನ ಲೈಬ್ರರಿಗೆ ಹೋಗುತ್ತಾರೆ, ಓದಿ ಓದಿ ಬರುವಾಗ ಕಣ್ಣು ಕೆಂಪಗಾಗಿರುತ್ತದೆ ಅಂದರು ಓನರಮ್ಮ. ಕುಲುಕುವುದು ನಿಂತಿತು. ಈಗ ಕಂಡಕ್ಟರನ ಸರದಿ.

ಹೀಗೆ ಹೇಳುತ್ತ ಓನರಮ್ಮ ಆರಾಮ ಕುರ್ಚಿಯಲ್ಲಿ ಕೂತರು. ಕೂತವರೇ ಎದ್ದರು.

"ಇದ್ಯಾಕಮ್ಮ, ನಿಮ್ಮ ಕುರ್ಚಿ ಇಷ್ಟು ಬಿಸಿ?"

ಹೆಂಡತಿ ಬಂದು ಮುಟ್ಟಿ ನೋಡಿದಳು. ಒಳಗೆ ಕಂಡಕ್ಟರನ ಎದೆ ಉಬ್ಬಿತು. ಇಷ್ಟು ದಿನ ನಂಬದ ಹೆಂಡತಿ ತಾನೇ ಮುಟ್ಟಿ ನೋಡಿದ್ದಾಳೆ. ನೋಡಿದ್ಯಾ, ನಾನು ಹೇಳ್ಲಿಲ್ವಾ ಎಂದು ಕೂಗಲು ಬಾಯಿ ತೆರೆದ. ಓನರಿಗೆ ಗಾಬರಿಯಾಯಿತು. ಆ ಬಾಯಿ ಮುಚ್ಚಿಸಲು ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದು ಅದರೊಳಗೆ ತುರುಕಿದರು. ಸಿಕ್ಕಿದ್ದು ಕೊರಳಲ್ಲಿ ನೇತಾಡುತ್ತಿದ್ದ ಸೀಟಿ. ಅಷ್ಟು ಹೊತ್ತಿನಿಂದ ಕಾದಿದ್ದ ನುಸಿಗುಳಿಗೆಯ ಘಾಟು ಸರಿಯಾಗಿ ಆಗಲೇ ಮೂಗಿನಿಂದ ನೆತ್ತಿಗೇರಿತು. ಕಂಡಕ್ಟರ ಸೀನಿದ.

ಅಂಥ ಸೀಟಿಯನ್ನು ಆ ಬೀದಿ ಕೇಳಿರಲಿಲ್ಲ. ಹೊರಗೆ ಹೋಗುತ್ತಿದ್ದ ಸೈಕಲ್ಲೊಂದು ಬ್ರೇಕು ಹಾಕಿ ನಿಂತಿತಂತೆ.

ಕಪಾಟಿನ ಬಾಗಿಲು ತೆರೆಯಿತು. ಒಬ್ಬರ ಕೈಯಲ್ಲಿ ಚಪ್ಪಲಿ, ತಲೆಯ ಮೇಲೆ ಯಾರದೋ ಅಳತೆಗೆ ಹೊಲಿದ ಅಂಗಿಯ ತೋಳು. ಇನ್ನೊಬ್ಬನ ಬಾಯಲ್ಲಿ ಸೀಟಿ. ಕಂಡಕ್ಟರನ ಹೆಂಡತಿ ಇಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇಳೀರಿ ಇಬ್ರೂ. ಲಾಸ್ಟ್ ಸ್ಟಾಪ್."

ಇಳಿದರು. ಕಂಡಕ್ಟರ ಹೆದರಲಿಲ್ಲ. ಅವನ ಕೇಸು ಗಟ್ಟಿಯಾಗಿತ್ತು, ಆಳು ಕೈಗೆ ಸಿಕ್ಕಿತ್ತು. ಸೀಟಿ ಉಗಿದು, ಎದೆ ಸೆಟೆಸಿ, ಗೋಡೆ ಯಾರದು ಗಾಳಿ ಯಾರದು ಎನ್ನುವುದರಿಂದ ಹಿಡಿದು ವಕೀಲರ ನ್ಯಾಯವನ್ನೆಲ್ಲ ಒಂದೂ ಸ್ಟಾಪು ಬಿಡದೆ ಒಪ್ಪಿಸಿದ. ಹೆಂಡತಿ ಪೂರ್ತಿ ಕೇಳಿದಳು. ನೀವು ಹೇಳಿದ್ದು ನಿಜ, ನಾನೇ ನಂಬಲಿಲ್ಲ, ತಪ್ಪಾಯಿತು ಅಂದಳು. ಓನರಮ್ಮ ಗಂಡನ ಮುಂದೆ ಕೈಯೊಡ್ಡಿ ಬೀಗದ ಕೈ ಇಸಕೊಂಡರು. ಲೈಬ್ರರಿಯಲ್ಲಿ ಯಾವ ಪುಸ್ತಕ ಓದುತ್ತಿದ್ದಿರಿ ಎಂದು ಒಂದೇ ಮಾತು ಕೇಳಿದರು. ಓನರು ಕೈಯಲ್ಲಿದ್ದ ಚಪ್ಪಲಿಯನ್ನು ಮೆಲ್ಲಗೆ ಕಾಲಿಗೆ ಹಾಕಿಕೊಂಡರು. ಇನ್ನು ಮೇಲೆ ಹೇಳದೆ ಕೇಳದೆ ಯಾರೂ ಈ ಮನೆಯೊಳಗೆ ಕಾಲಿಡುವುದಿಲ್ಲ ಎಂದು ಓನರಮ್ಮ ಮಾತು ಕೊಟ್ಟರು.

ಕಂಡಕ್ಟರನಿಗೆ ಇಡೀ ಬಸ್ಸು ಎದ್ದು ನಿಂತು ಚಪ್ಪಾಳೆ ತಟ್ಟಿದ ಹಾಗಾಯಿತು. ಗೆದ್ದವನ ಗತ್ತಿನಲ್ಲಿ ಕುರ್ಚಿಯ ಕಡೆ ಹೆಜ್ಜೆ ಹಾಕಿದ.

"ನಿಲ್ಲಿ," ಅಂದಳು ಹೆಂಡತಿ. "ನಾವಿಬ್ರು ಹೆಂಗಸರು ಮನಸ್ಸು ಬಿಚ್ಚಿ ಮಾತಾಡ್ತಾ ಇದ್ವಿ. ನೀವು ಯಾರನ್ನ ಕೇಳಿ ಒಳಗೆ ಕೂತಿದ್ರಿ?"

"ಯಾರನ್ನ ಕೇಳೋದು? ನನ್ನ ಮನೆ."

"ಅಕ್ಕ, ಈ ಮನೆ ಹಿಡಿದಿದ್ದು ಯಾರು?"

"ನೀನೇ ಕಣಮ್ಮ," ಅಂದರು ಓನರಮ್ಮ. "ಇವರು ಅವತ್ತು ಬಂದೇ ಇರ್ಲಿಲ್ಲ."

"ಹಾಗಾದ್ರೆ ಬಾಡಿಗೆದಾರಳು ನಾನು. ಒಳಗಿನ ಗಾಳಿ ನನ್ನದು."

ಕಂಡಕ್ಟರ ವಕೀಲರ ನ್ಯಾಯವನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿದ. ತನ್ನಂಥವನು ಇಳಿಯುವ ಸ್ಟಾಪು ಅದರಲ್ಲಿ ಎಲ್ಲೂ ಇರಲಿಲ್ಲ.

"ಮತ್ತೆ ನಾನು?" ಎಂದು ಕೇಳಿದ.

ಹೆಂಡತಿ ಕಪಾಟಿನಲ್ಲಿ ಸುಕ್ಕುಗಟ್ಟಿದ ಅಂಗಿಗಳ ಸಾಲನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು.

"ನೀವು ನನ್ನ ಲಗೇಜು."

ಆ ಬೀಗಕ್ಕೆ ಈಗಲೂ ಎರಡು ಬೀಗದ ಕೈ. ಒಂದು ಕಂಡಕ್ಟರನ ಹೆಂಡತಿಯ ಹತ್ತಿರ, ಇನ್ನೊಂದು, ಅವಳದೇ ಒಪ್ಪಿಗೆಯ ಮೇಲೆ, ಓನರಮ್ಮನ ಹತ್ತಿರ. ಕರೆಂಟು ಹೋದ ದಿನವಿರಲಿ, ಬಂದ ದಿನವಿರಲಿ, ಒಬ್ಬರಿಲ್ಲದಿದ್ದರೆ ಒಬ್ಬರು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿರುತ್ತಾರೆ. ಕುರ್ಚಿ ಆರುವುದೇ ಇಲ್ಲ. ಮಧ್ಯಾಹ್ನ ಓನರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಪಾಳಿ ಮುಗಿಸಿ ಬಂದ ಕಂಡಕ್ಟರನನ್ನು ಕಂಡರೆ ತಾವೇ ಒಂದಿಷ್ಟು ಒಳಗೆ ಸರಿದು ಜಾಗ ಕೊಡುತ್ತಾರೆ. ಇಬ್ಬರೂ ಮೈಗೆ ಮೈ ತಾಗಿಸಿಕೊಂಡು ಒಂದಿಷ್ಟು ಹೊತ್ತು ಬೀದಿ ನೋಡುತ್ತಾರೆ.

ಆಮೇಲೆ ಕಂಡಕ್ಟರ ಎದ್ದು, ಅಂಗಿ ಸರಿಮಾಡಿಕೊಂಡು, ಬಾಗಿಲ ಹೊರಗೇ ನಿಂತು ಕೆಮ್ಮುತ್ತಾನೆ. ತಟ್ಟುತ್ತಾನೆ. ಕಾಯುತ್ತಾನೆ.

"ಯಾರು?" ಎಂದು ಒಳಗಿನಿಂದ ದನಿ ಬರುತ್ತದೆ.

"ಲಗೇಜು," ಅನ್ನುತ್ತಾನೆ.