ಮೂರು ಇಟಲಿ ಕಾರುಗಳ ಬಾಯಿಗೆ ಏನೇನು ಹೊಯ್ಯಬಾರದೆಂಬುದರ ಬಗ್ಗೆ

ಸುತ್ತೋಲೆ ಸಂಖ್ಯೆ: ಕಾ.ಚ. 3 / ಬ್ಯಾ. 1 / 1957
(ಕಾ.ಚ. ಎಂದರೆ ಕಾರು ಚಪ್ಪರ. ಮೂರು ಎಂಬುದು ಕಾರುಗಳ ಸಂಖ್ಯೆ. ಒಂದು ಎಂಬುದು ಬ್ಯಾಟರಿಯ ಸಂಖ್ಯೆ.)

ಹಿಂದಿನ ಅಂಗಳ, ಆದೋನಿ
ಸೋಮವಾರ, 8ನೇ ಜುಲೈ 1957, ಸಂಜೆ

ವಿಷಯ: ಮನೆಯ ಮೂರು ವಯಸ್ಸಾದ ಇಟಲಿ ಕಾರುಗಳ ಪಾಲನೆ, ಪೋಷಣೆ, ತಳ್ಳುವಿಕೆ ಮತ್ತು ಕುಡಿಸುವಿಕೆ.

ಉಲ್ಲೇಖ: (1) ಮನೆಯ ಹಿರಿಯರಾದ ಬಸಲಿಂಗಮ್ಮನವರ ಬಾಯಿಮಾತಿನ ಆದೇಶ, ದಿನಾಂಕ 1-7-1957, ಅಡುಗೆಮನೆಯ ಹೊಸ್ತಿಲಿನಿಂದ ಹೊರಡಿಸಿದ್ದು.
(2) ಮೆಕ್ಯಾನಿಕ್ ಮೌಲಾಲಿಯವರ ವರದಿ, ದಿನಾಂಕ 2-7-1957, ಕಾರಿನ ಅಡಿಯಿಂದ ಹೇಳಿದ್ದು.

ಪೀಠಿಕೆ

ಕಳೆದ ಜೂನ್ 30ರ ಭಾನುವಾರ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಕಾರು ಚಪ್ಪರದ ಕಡೆಯಿಂದ "ಗುಳು ಗುಳು" ಎಂಬ ಸಣ್ಣ ಸದ್ದು ಕೇಳಿಬಂದಿತು. ಸದರಿ ಸದ್ದನ್ನು ಕೇಳಿಸಿಕೊಂಡವರು ಕಾರ್ಯದರ್ಶಿ ಗುರುಶಾಂತಮ್ಮನವರು ಒಬ್ಬರೇ. ಮನೆಯಲ್ಲಿ ಸದ್ದುಗಳನ್ನು ಕೇಳಿಸಿಕೊಳ್ಳುವ ಕೆಲಸವು ಮದುವೆಯಾದಂದಿನಿಂದ ಅವರೊಬ್ಬರಿಗೇ ವಹಿಸಲ್ಪಟ್ಟಿದೆ. ಬೆಕ್ಕು ನೀರು ಕುಡಿಯುತ್ತಿರಬಹುದೆಂದು ಅವರು ತಮಗೆ ತಾವೇ ಹೇಳಿಕೊಂಡು, ಅದನ್ನು ನಂಬದೆ, ಬೆಳಗಿನವರೆಗೆ ಎಚ್ಚರವಾಗಿದ್ದರು.

ಮಾರನೆಯ ದಿನ ಸೋಮವಾರ, ಸಣ್ಣಾಕಿ ಎಂದು ಕರೆಯಲ್ಪಡುವ ಕಾರು ಆಲೂರಿಗೆ ಕೆಮ್ಮುತ್ತ ಹೋಗಿ, ಬರುವಾಗ ನಡುದಾರಿಯಲ್ಲಿ ಎರಡು ಸಲ ಬಿಕ್ಕಿ ನಿಂತುಹೋಯಿತು. ಕಾರ್ಯದರ್ಶಿಯು ಉಚ್ಚೀರಪ್ಪ ಎಂಬ ರೈತರ ಮೇವಿನ ಬಂಡಿಯಲ್ಲಿ, ಊರಿನ ದೀಪಗಳೆಲ್ಲ ಹತ್ತಿ ಎರಡು ತಾಸಾದ ಮೇಲೆ, ತಲೆಯಲ್ಲಿ ಜೋಳದ ಸೊಪ್ಪೆ ಸಮೇತ ಮನೆ ಸೇರಿದರು. ಕೂಡಲೇ ಉಲ್ಲೇಖ (1)ರ ಆದೇಶ ಹೊರಬಿತ್ತು. ಅದರ ಪೂರ್ಣ ಪಾಠ: "ಬರೂ ಅಮಾಸಿ ಒಳಗ ಇನ್ನೊಂದು ಸಲ ನಡುದಾರ್ಯಾಗ ನಿಂತ್ರ ಮೂರನ್ನೂ ಗುಜರಿಗೆ ಹಾಕ್ರಿ. ಸಾಲಿ ಸಾಕು. ಆಕಿ ಮನ್ಯಾಗ ಇರ್ಲಿ."

ಕಾರ್ಯದರ್ಶಿಯು ಸೋಮವಾರ ಮತ್ತು ಗುರುವಾರ ಆಲೂರಿನ ಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷು, ಲೆಕ್ಕ ಕಲಿಸುತ್ತಾರೆ. ಮನೆಯ ಕಾರಿನಲ್ಲಿ ಹೋಗಿ, ದೀಪ ಹಚ್ಚುವುದರೊಳಗೆ ಮನೆಯ ಕಾರಿನಲ್ಲೇ ಬರಬೇಕೆಂಬ ಷರತ್ತಿನ ಮೇಲೆ ಅನುಮತಿ ನೀಡಲಾಗಿದೆ. ಬಸ್ಸು ಇದೆಯಲ್ಲ ಎಂಬ ಪ್ರಶ್ನೆಯನ್ನು ಒಮ್ಮೆ ಕೇಳಿ ಆಗಿದೆ. ಉತ್ತರವನ್ನು ಎರಡನೆಯ ಸಲ ಕೇಳಿಸಿಕೊಳ್ಳುವ ಧೈರ್ಯ ಇಲಾಖೆಗೆ ಇಲ್ಲ. ಆದ್ದರಿಂದ ಕಾರು ನಿಂತರೆ ಕಾರಿಲ್ಲ, ಕಾರಿಲ್ಲದಿದ್ದರೆ ಆಲೂರಿಲ್ಲ, ಆಲೂರಿಲ್ಲದಿದ್ದರೆ ಕಾರ್ಯದರ್ಶಿಗೆ ವಾರದ ಏಳು ದಿನವೂ ಭಾನುವಾರವೇ. ಈ ಗಂಭೀರ ಸನ್ನಿವೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೆಳಗಿನ ನಿಯಮಗಳನ್ನು ಎಲ್ಲರ ಗಮನಕ್ಕೂ, ಕೇಳದವರ ಕಿವಿಗೂ ತರಲಾಗಿದೆ.

1. ಇಲಾಖೆ: ಇಲಾಖೆಗೆ ಇನ್ನೂ ಹೆಸರಿಟ್ಟಿಲ್ಲ. ಬೋರ್ಡಿಗೆಂದು ತಂದಿಟ್ಟಿದ್ದ ತಗಡು ದೊಡ್ಡಾಕಿ ಎಂಬ ಕಾರಿನ ತಳಕ್ಕೆ ಖರ್ಚಾಗಿದೆ. ಮಾಲೀಕರು ಹತ್ತಿ ವ್ಯಾಪಾರಿ ಏಕಾಂತಪ್ಪನವರು. ಮೇಲಧಿಕಾರಿಗಳು ಅವರ ತಾಯಿ ಬಸಲಿಂಗಮ್ಮನವರು. ಕಾರ್ಯದರ್ಶಿ ಮಾಲೀಕರ ಪತ್ನಿ. ಮೆಕ್ಯಾನಿಕ್ ಮೌಲಾಲಿ. ಚಾಲಕ, ತಳ್ಳುವವ ಮತ್ತು ಹಾರನ್ ಎಂಬ ಮೂರು ಹುದ್ದೆಗಳನ್ನು ಮಾರೆಣ್ಣ ಒಬ್ಬರೇ ನಿರ್ವಹಿಸುತ್ತಾರೆ.

2. ಕಾರುಗಳು: ದೊಡ್ಡಾಕಿಯನ್ನು ಮೊದಲು ಕೊಳ್ಳಲಾಯಿತು. ಅವಳಿಗೆ ಬಿಡಿಭಾಗ ಬೇಕೆಂದು ನಡುವಿನಾಕಿಯನ್ನು ಕೊಳ್ಳಲಾಯಿತು. ನಡುವಿನಾಕಿ ದೊಡ್ಡಾಕಿಗಿಂತ ಚೆನ್ನಾಗಿ ಓಡಿದ್ದರಿಂದ ಬಿಚ್ಚಲು ಮನಸ್ಸಾಗದೆ, ಇಬ್ಬರಿಗೂ ಬಿಡಿಭಾಗವೆಂದು ಸಣ್ಣಾಕಿಯನ್ನು ತರಲಾಯಿತು. ಈಗ ಸಣ್ಣಾಕಿಯೇ ಓಡುತ್ತಾಳೆ. ಇದು ಮಿತವ್ಯಯವೆಂದು ಮಾಲೀಕರ ವಾದ. "ಒಂದ ಇದ್ರ ಕೆಟ್ಟಾಗ ಏನ್ ಮಾಡ್ತಿ? ಮೂರು ಇದ್ರ ಒಂದರೆ ನಡೀತೈತಿ" ಎಂಬ ಅವರ ಹೇಳಿಕೆಯನ್ನು ನಾಲ್ಕನೆಯ ಕಾರಿನ ಮಾತು ಬಂದಾಗ ಬಳಸತಕ್ಕದ್ದಲ್ಲ. ಮೂವರೂ ಇಪ್ಪತ್ತು ವರ್ಷ ದಾಟಿದವರು. ತಯಾರಕರ ಹೆಸರನ್ನು ಇಲ್ಲಿ ಬರೆದಿಲ್ಲ. ಮುದುಕಿ ಮುಗ್ಗರಿಸಿದ್ದಕ್ಕೆ ಅವಳ ತವರನ್ನು ಬಯ್ಯುವುದು ನ್ಯಾಯವಲ್ಲ.

3. ಬ್ಯಾಟರಿ: ಬ್ಯಾಟರಿ ಯಾರಲ್ಲಿದೆಯೋ ಅವಳೇ ಆ ದಿನದ ಮಟ್ಟಿಗೆ ಕಾರು. ಉಳಿದಿಬ್ಬರು ಕಬ್ಬಿಣ. ಬ್ಯಾಟರಿಯನ್ನು ಒಬ್ಬಳಿಂದ ಇನ್ನೊಬ್ಬಳಿಗೆ ಒಯ್ಯುವಾಗ ಗೋಣಿಚೀಲ ಹೊದಿಸಿ ಒಯ್ಯತಕ್ಕದ್ದು. ಮೂರನೆಯವಳು ನೋಡಬಾರದು.

4. ಬಾಗಿಲು: ನಡುವಿನಾಕಿಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಆದಕಾರಣ ಅವಳು ಯಾವ ಊರಿಗೆ ಹೋಗುತ್ತಾಳೋ ಆ ಊರಿಗೆ ಬಾಗಿಲು ತೆರೆಯಲು ಒಬ್ಬರನ್ನು ಮುಂಚಿತವಾಗಿ ಬಸ್ಸಿನಲ್ಲಿ ಕಳಿಸತಕ್ಕದ್ದು. ಕಳೆದ ವರ್ಷ ಕೌತಾಳಕ್ಕೆ ಹೋದಾಗ ಈ ಏರ್ಪಾಟು ಮರೆತುಹೋಗಿ, ಮಾಲೀಕರು ಒಳಗೇ ಕುಳಿತು ಕಿಟಕಿಯಿಂದ ಮದುವೆ ಊಟ ಮಾಡಿರುತ್ತಾರೆ.

5. ಇಳಿಜಾರು: ಕಾರನ್ನು ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸತಕ್ಕದ್ದು. ಸಮತಟ್ಟಾದ ಬೀದಿಯಲ್ಲಿ ಮನೆಯಿರುವ ನೆಂಟರನ್ನು ಮನಸ್ಸಿನಲ್ಲೇ ನೆನೆಯುವುದು. ಹೋಗಲೇಬೇಕಾದಲ್ಲಿ ಎಂಜಿನ್ ಆರಿಸದೆ, ಬೀದಿಯಲ್ಲೇ ನಿಂತು ಚಹಾ ಕುಡಿದು, ಕುಶಲವನ್ನು ಕೂಗಿ ಕೇಳಿ ಹೊರಡತಕ್ಕದ್ದು. ನಾದಿನಿ ಆದಿಲಕ್ಷ್ಮಿಗೆ ನೋಡುತ್ತಿರುವ ಗಂಡುಗಳ ಪೈಕಿ ಎತ್ತರದ ಓಣಿಯವರಿಗೆ ಆದ್ಯತೆ.

6. ಸೀಟುಗಳು: ಮೂರು ಕಾರುಗಳ ಸೀಟಿಗೂ ಅಂಗಡಿಯ ಹತ್ತಿಯನ್ನೇ ತುಂಬಲಾಗಿದೆ. ಮಾದರಿ ಕಡಿಮೆ ಬಿದ್ದಾಗ ಮಾಲೀಕರು ಸೀಟಿನಿಂದ ಒಂದು ಹಿಡಿ ಕಿತ್ತು ಕೊಳ್ಳುವವರಿಗೆ ತೋರಿಸುವ ಪದ್ಧತಿಯನ್ನು ಈ ಕೂಡಲೇ ನಿಲ್ಲಿಸತಕ್ಕದ್ದು. ಕಾರ್ಯದರ್ಶಿಯು ಪ್ರಸ್ತುತ ಸ್ಪ್ರಿಂಗಿನ ಮೇಲೆ ಕುಳಿತು ಆಲೂರಿಗೆ ಹೋಗುತ್ತಿದ್ದಾರೆ. ಆ ಹತ್ತಿಯನ್ನು ಮೆಚ್ಚಿದ ವ್ಯಾಪಾರಿಯು "ಇದೇ ತರದ್ದು ಇನ್ನೂ ಬೇಕು" ಎಂದು ಪತ್ರ ಬರೆದಿದ್ದು, ಉತ್ತರ ಬಾಕಿ ಇದೆ.

7. ಕೈಪಿಡಿ: ಇರುವುದೊಂದೇ ಕೈಪಿಡಿ, ಅದೂ ಇಟಲಿ ಭಾಷೆಯಲ್ಲಿ. ಕಾರ್ಯದರ್ಶಿಯು ಚಿತ್ರಗಳನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಒಂಬತ್ತನೆಯ ಪುಟದಲ್ಲಿ ತೆರೆದ ಎಂಜಿನ್ನಿನ ಮುಂದೆ ಒಬ್ಬ ಗೃಹಸ್ಥರು ನಗುತ್ತ ನಿಂತಿದ್ದಾರೆ. "ಇದನ್ನ ಬಿಚ್ಚಿದಾಂವ ಯಾವನೂ ನಗಾಕ ಸಾಧ್ಯ ಇಲ್ರಿ ಅಮ್ಮಾ" ಎಂದು ಮೌಲಾಲಿಯವರು ಅಭಿಪ್ರಾಯಪಟ್ಟಿರುವುದರಿಂದ ಸದರಿ ಪುಟವನ್ನು ಜಾಹೀರಾತೆಂದು ಪರಿಗಣಿಸಲಾಗಿದೆ.

8. ಮಾತು: ಚಪ್ಪರದೊಳಗೆ "ಮಾರು", "ಗುಜರಿ", "ಹೊಸದು" ಎಂಬ ಶಬ್ದಗಳನ್ನು ಆಡತಕ್ಕದ್ದಲ್ಲ. ಹೋದ ದಸರೆಯಲ್ಲಿ ಮಾಲೀಕರ ಗೆಳೆಯ ಶ್ರೀರಾಮುಲು ಎಂಬವರು ದೊಡ್ಡಾಕಿಯ ಮುಂದೆ ನಿಂತು ತಮ್ಮ ಹೊಸ ಕಾರಿನ ಗುಣಗಾನ ಮಾಡಿದ ಐದೇ ನಿಮಿಷಕ್ಕೆ ಅವಳ ಮುಂದಿನ ದೀಪವೊಂದು ತಾನಾಗಿ ಕಳಚಿ ಅವರ ಕಾಲ ಮೇಲೆ ಬಿದ್ದದ್ದು ದಾಖಲೆಯಲ್ಲಿದೆ.

9. ತಳ್ಳುವ ಸಾರ್ವಜನಿಕರಿಗೆ: ತಳ್ಳಲು ಬಂದವರು ಮೊದಲು ತಳ್ಳಿ ಆಮೇಲೆ ಹಾಸ್ಯ ಮಾಡತಕ್ಕದ್ದು. ಹಾಸ್ಯ ಮೊದಲಾದರೆ ನಗುವಿನಲ್ಲಿ ಬಲ ಸೋರಿಹೋಗುತ್ತದೆ. "ಏನ್ರಿ ಸಾವ್ಕಾರ್ರ, ಇಟಲಿಯಿಂದ ಇಲ್ಲೀತನ ನೂಕ್ಕೊಂತನ ಬಂದೀರೇನು?" ಎಂಬ ಉಚ್ಚೀರಪ್ಪನವರ ಪ್ರಶ್ನೆಯನ್ನು ಒಂದು ತಳ್ಳುವಿಕೆಗೆ ಒಂದು ಸಲ ಮಾತ್ರ ಕೇಳಬಹುದು. ಅವರ ಎತ್ತುಗಳು ಸಣ್ಣಾಕಿಯನ್ನು ಕಂಡೊಡನೆ ತಾವಾಗಿಯೇ ನಿಂತು ಹಗ್ಗಕ್ಕೆ ಕಾಯುವುದನ್ನು ಅವಮಾನವೆಂದು ಭಾವಿಸಬಾರದು.

10. ಬಾಯಿಗಳು: ಇದು ಮುಖ್ಯವಾದ ಅಂಶವಾಗಿದ್ದು, ಎರಡು ಸಲ ಓದತಕ್ಕದ್ದು. ಸಣ್ಣಾಕಿಗೆ ಒಂದೇ ಬಾನೆಟ್ಟಿನ ಅಡಿಯಲ್ಲಿ ಎರಡು ಬಾಯಿಗಳಿವೆ. ಮುಂದಿನದು ನೀರಿನ ಬಾಯಿ. ಹಿಂದಿನದು, ಗಾಜಿನ ಹತ್ತಿರವಿರುವುದು, ಪೆಟ್ರೋಲಿನ ಬಾಯಿ.

(ಅ) ಮುಂದಿನ ಬಾಯಿಗೆ ನೀರು ಮಾತ್ರ. ಹೋದ ಬೇಸಿಗೆಯಲ್ಲಿ ಮಾರೆಣ್ಣನವರು "ಮೈ ಕಾದೈತಿ, ಪಾಪ" ಎಂದು ಮಜ್ಜಿಗೆ ಹೊಯ್ದದ್ದು ಕರುಣೆಯಿಂದಲೇ ಆದರೂ, ಬಜಾರಿನ ತುಂಬ ಒಗ್ಗರಣೆಯ ವಾಸನೆ ಹರಡಿದ್ದನ್ನು ಮರೆಯಲಾಗದು.

(ಆ) ಹಿಂದಿನ ಬಾಯಿಗೆ ಪೆಟ್ರೋಲು ಬಿಟ್ಟು ಬೇರೇನೂ ಕೂಡದು. ನೀರು ಕೂಡದು. ಎಷ್ಟೇ ಶುದ್ಧವಾದ ನೀರಾದರೂ, ಎಷ್ಟೇ ದೂರದಿಂದ ತಂದ ನೀರಾದರೂ ಕೂಡದು.

(ಇ) ದೇವರ ತೀರ್ಥವನ್ನು ಕೊಡಬೇಕೆಂದು ಯಾರಿಗಾದರೂ ಅನಿಸಿದಲ್ಲಿ ಇಲಾಖೆಯ ಆಕ್ಷೇಪಣೆಯಿಲ್ಲ. ಇಂಥ ಕಾರುಗಳಿಗೆ ದೇವರಲ್ಲದೆ ಗತಿಯಿಲ್ಲವೆಂದು ಮೌಲಾಲಿಯವರೂ ಒಪ್ಪಿದ್ದಾರೆ. ಆದರೆ ಮುಂದಿನ ಬಾಯಿಗೇ ಹೊಯ್ಯತಕ್ಕದ್ದು. ಗುರುತಿಗಾಗಿ ಇಂದಿನಿಂದ ಮುಂದಿನ ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಎಳೆಯಲಾಗಿದೆ. ದೀಪವಿಲ್ಲದಿದ್ದರೂ ಕಾಣುವಷ್ಟು ದಪ್ಪಗೆ ಎಳೆಯಲಾಗಿದೆ.

(ಈ) ಹಿಂದಿನ ಮುಚ್ಚಳಕ್ಕೆ ಬೀಗ ಹಾಕಲಾಗಿದೆ. ಕಾರಣ: ಇಲಿಗಳು. ಇಲಿಗಳು ಮುಚ್ಚಳ ತಿರುಗಿಸುವುದಿಲ್ಲವೆಂದು ಮಾಲೀಕರು ಹೇಳಿದ್ದನ್ನು ಕೇಳಿಸಿಕೊಳ್ಳಲಾಗಿದೆ.

11. ತನಿಖೆಯ ತೀರ್ಮಾನ: ಜುಲೈ 1ರಂದು ನಿಂತ ಸಣ್ಣಾಕಿಯ ಪೆಟ್ರೋಲಿನಲ್ಲಿ ನೀರು ಸಿಕ್ಕಿತೆಂಬ ಮೌಲಾಲಿಯವರ ವರದಿ ಸತ್ಯವಾಗಿದೆ. ಸದರಿ ನೀರು ಮಂಜಿನದೆಂದು ತೀರ್ಮಾನಿಸಲಾಗಿದೆ. ಆದೋನಿಯಲ್ಲಿ ಆಷಾಢದಲ್ಲಿ ಮಂಜು ಬೀಳುವುದಿಲ್ಲವೆಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ. ಮಾರೆಣ್ಣನವರ ಮೇಲೆ ಮಾಲೀಕರು ಆಡಿದ ಮಾತುಗಳನ್ನು ಹಿಂದಕ್ಕೆ ಪಡೆದು, ಬದಲಿಗೆ ಒಂದು ಹೊಸ ಟವಲನ್ನು ಕೊಡತಕ್ಕದ್ದು. ಪೆಟ್ರೋಲು ಹಾಕಿದವರ ಮೇಲಿನ ಅನುಮಾನವನ್ನೂ ಕೈಬಿಡಲಾಗಿದೆ. ಇನ್ನು "ದೀಪ ಹಚ್ಚುವ ಹೊತ್ತು ಎಂದರೆ ಕಾರ್ಯದರ್ಶಿ ಮನೆ ತಲುಪಿದ ಹೊತ್ತು" ಎಂಬ ತಿದ್ದುಪಡಿಯನ್ನು ಮೇಲಧಿಕಾರಿಗಳ ಮುಂದಿಟ್ಟಾಗ ಅವರು "ಸೂರ್ಯನ ಕೇಳಿ ಹೇಳ್ತೀನಿ" ಎಂದು ತಡೆಹಿಡಿದಿರುತ್ತಾರೆ.

12. (ಕಡತದ ಪ್ರತಿಗೆ ಮಾತ್ರ. ಬೇರೆ ಯಾವ ಪ್ರತಿಯಲ್ಲೂ ಈ ಅಂಶವಿಲ್ಲ.)

ನಿನ್ನೆ ಭಾನುವಾರ ರಾತ್ರಿ ಅದೇ ಹೊತ್ತಿಗೆ ಅದೇ "ಗುಳು ಗುಳು" ಮತ್ತೆ ಕೇಳಿಸಿತು. ಈ ಸಲ ಹೋದ ಸಲಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು. ಕಾರ್ಯದರ್ಶಿಯು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು ಬರಿಗಾಲಲ್ಲಿ ಹೋಗಿ ಕಂಬದ ಮರೆಯಿಂದ ಪರಿಶೀಲಿಸಿದರು.

ಸಣ್ಣಾಕಿಯ ಬಾನೆಟ್ಟಿನ ಒಂದು ಮಗ್ಗುಲು ಮೇಲೆದ್ದಿತ್ತು. ಮೇಲಧಿಕಾರಿಗಳು ಅದನ್ನು ಒಂದು ಕೈಯಿಂದ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಹಿತ್ತಾಳೆ ಗಿಂಡಿಯಿಂದ ಉರುಕುಂದದ ದೇವರ ತೀರ್ಥವನ್ನು, ಬಿಲ್ವಪತ್ರೆ ಸಮೇತ, ಹಿಂದಿನ ಬಾಯಿಗೆ ಹೊಯ್ಯುತ್ತಿದ್ದರು. ಮಾರೆಣ್ಣನವರು ದಿನವೂ ಆ ಬಾನೆಟ್ಟಿನ ಕೆಳಗೆ ನೀರು ಹೊಯ್ಯುವುದನ್ನು ಅವರು ಅಡುಗೆಮನೆಯ ಕಿಟಕಿಯಿಂದ ನೋಡಿದ್ದರು. ಬಾಯಿ ಎರಡಿವೆಯೆಂದು ಅಷ್ಟು ದೂರದಿಂದ ಕಾಣುವುದಿಲ್ಲ. ಹೊಯ್ಯುತ್ತ ಅವರು ಮೆಲ್ಲಗೆ ಮಾತನಾಡುತ್ತಿದ್ದರು. ಮಾತುಗಳನ್ನು ಕೇಳಿಸಿದಂತೆಯೇ ಇಲ್ಲಿ ಬರೆದಿಡಲಾಗಿದೆ:

"ಹೋದ ಸಲ ಕಮ್ಮಿ ಆತೇನವ್ವಾ? ತಗೋ, ಹೊಟ್ಟಿ ತುಂಬ ಕುಡಿ. ನನ್ನ ಸೊಸೀನ ದೀಪ ಹಚ್ಚೂದರೊಳಗ ಮನಿಗೆ ತಂದು ಬಿಡು. ಆಕಿ ಬರೂತನ ನನಗ ತುತ್ತು ಇಳಿಯೂದಿಲ್ಲ. ಆಮ್ಯಾಲ ನೀ ಎಲ್ಲಿ ಬೇಕಾದ್ರ ನಿಂದ್ರು."

ಹನ್ನೊಂದು ವರ್ಷಗಳ ಸೇವೆಯಲ್ಲಿ "ನನ್ನ ಸೊಸಿ" ಎಂಬ ಪ್ರಯೋಗ ಕಾರ್ಯದರ್ಶಿಯ ಕಿವಿಗೆ ಬಿದ್ದದ್ದು ಇದೇ ಮೊದಲು. ಇದುವರೆಗೆ "ಆಕಿ" ಎಂದೇ ವ್ಯವಹಾರ ನಡೆದಿತ್ತು.

ಮೇಲಧಿಕಾರಿಗಳು ಮುಚ್ಚಳ ತಿರುಗಿಸಿ, ಕಾರಿನ ನೆತ್ತಿಯನ್ನು ಒಮ್ಮೆ ಸವರಿ ಮಲಗಲು ಹೋದರು. ಕಾರ್ಯದರ್ಶಿಯು ಬೆಳಗಿನ ನಾಲ್ಕು ಗಂಟೆಗೆ, ಮೌಲಾಲಿಯವರು ಮಾಡುವುದನ್ನು ನೋಡಿ ಕಲಿತಂತೆ, ಪೆಟ್ರೋಲು ಟ್ಯಾಂಕಿನ ತಳದ ತಿರುಪನ್ನು ಸಡಿಲಿಸಿ, ತಳಕ್ಕಿಳಿದಿದ್ದ ನೀರೆಲ್ಲವನ್ನೂ ಬಿಲ್ವದೆಲೆ ಸಮೇತ ಪಾತ್ರೆಗೆ ಇಳಿಸಿದರು. ತೀರ್ಥವನ್ನು ತುಳಿಯುವ ಕಡೆ ಚೆಲ್ಲಬಾರದೆಂಬ ನಿಯಮದಂತೆ ಅದನ್ನು ಬಿಲ್ವದ ಗಿಡದ ಬುಡಕ್ಕೆ ಹೊಯ್ಯಲಾಯಿತು. ಪೆಟ್ರೋಲು ಬೆರೆತ ತೀರ್ಥದಿಂದ ಗಿಡಕ್ಕೆ ಏನಾಗುವುದೆಂಬ ಬಗ್ಗೆ ಪ್ರತ್ಯೇಕ ವರದಿ ಸಲ್ಲಿಸಲಾಗುವುದು.

ಇಂದು ಸಣ್ಣಾಕಿ ಎಲ್ಲಿಯೂ ಬಿಕ್ಕದೆ ಆಲೂರಿಗೆ ಹೋಗಿ, ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆ ಇರುವಾಗಲೇ ಮನೆಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ಮೇಲಧಿಕಾರಿಗಳು ಸೊಸೆಯ ಕಡೆ ನೋಡಲಿಲ್ಲ. ಕಾರಿನ ಕಡೆ ನೋಡಿ, ಔಷಧ ಹತ್ತಿತೆಂದು ವೈದ್ಯರು ತಲೆಯಾಡಿಸುವಂತೆ ತಲೆಯಾಡಿಸಿದರು. ಬರುವ ಭಾನುವಾರ ಗಿಂಡಿಯ ಬದಲು ಕೊಡವೇ ಬರುವ ಸಂಭವವಿರುವುದರಿಂದ ಈ ಸುತ್ತೋಲೆಯನ್ನು ಇಂದೇ ಹೊರಡಿಸುವುದು ಅನಿವಾರ್ಯವಾಯಿತು.

ಸದರಿ ಘಟನೆಯನ್ನು ಮಾಲೀಕರಿಗಾಗಲಿ, ಮೌಲಾಲಿಯವರಿಗಾಗಲಿ, ಮಾರೆಣ್ಣನವರಿಗಾಗಲಿ, ಎಲ್ಲಕ್ಕಿಂತ ಮುಖ್ಯವಾಗಿ ಸ್ವತಃ ಮೇಲಧಿಕಾರಿಗಳಿಗಾಗಲಿ ಎಂದೆಂದಿಗೂ ತಿಳಿಸತಕ್ಕದ್ದಲ್ಲವೆಂದು ಕಾರ್ಯದರ್ಶಿಯು ತೀರ್ಮಾನಿಸಿರುತ್ತಾರೆ.

(ಸಹಿ)
ಗುರುಶಾಂತಮ್ಮ, ಬಿ.ಎ.
ಗೌರವ ಕಾರ್ಯದರ್ಶಿ
(ವೇತನವಿಲ್ಲ. ಸೀಟು ಇದೆ. ಸೀಟಿನಲ್ಲಿ ಹತ್ತಿಯಿಲ್ಲ.)

ಪ್ರತಿಗಳು:

1. ಏಕಾಂತಪ್ಪನವರಿಗೆ: ಓದಿ ಸಹಿ ಹಾಕಲು. ಎಂದಿನಂತೆ ಓದದೆ ಹಾಕಿದರೂ ಸರಿ.

2. ಮೌಲಾಲಿಯವರಿಗೆ: ಕಾರಿನ ಅಡಿಗೆ ತೂರಿಸಲಾಗುವುದು.

3. ಮಾರೆಣ್ಣನವರಿಗೆ: ಟವಲಿನೊಂದಿಗೆ.

4. ಉಚ್ಚೀರಪ್ಪನವರಿಗೆ ಮತ್ತು ಎತ್ತುಗಳಿಗೆ: ಒಂಬತ್ತನೆಯ ಅಂಶ ಮಾತ್ರ.

5. ಸಣ್ಣಾಕಿಯ ಮುಂದಿನ ಗಾಜಿಗೆ: ಬಿರುಕು ಮುಚ್ಚುವಷ್ಟು ಅಗಲದ ಪ್ರತಿ.

6. ಕಡತಕ್ಕೆ: ಕಾರ್ಯದರ್ಶಿಯ ಬಿ.ಎ. ಪದವಿ ಪತ್ರದ ಹಿಂದೆ, ಚೌಕಟ್ಟಿನೊಳಗೆ, ಒಂದು ಒದ್ದೆ ಬಿಲ್ವದೆಲೆಯೊಂದಿಗೆ.

7. ಬಸಲಿಂಗಮ್ಮನವರಿಗೆ: ಊಟವಾದ ಮೇಲೆ ಓದಿ ಹೇಳಲಾಗುವುದು. ಹತ್ತನೆಯ ಅಂಶವನ್ನು ನಿಧಾನವಾಗಿ, ಅವರ ಮುಖ ನೋಡದೆ ಓದತಕ್ಕದ್ದು. ತಪ್ಪಿ ಕಡತದ ಪ್ರತಿಯೇ ಕೈಗೆ ಬಂದಿದ್ದಲ್ಲಿ, ಹನ್ನೊಂದನೆಯ ಅಂಶ ಮುಗಿಯುತ್ತಿದ್ದಂತೆ ಕಾರ್ಯದರ್ಶಿಗೆ ಕೆಮ್ಮು ಬರತಕ್ಕದ್ದು.