ಅತ್ತೆ ಬಂದಾಗಲೇ ಹೊಗೆಯುಗುಳುವ ಒಲೆ

ಭೂಗೋಳದ ಮೇಷ್ಟ್ರಿಗೆ ಚಳಿಯೆಂದರೆ ಆಗದು. ಆದ್ದರಿಂದಲೇ ಆ ವರ್ಷ ನಡುಮನೆಯಲ್ಲಿ ಕಬ್ಬಿಣದ ಸೌದೆ ಒಲೆಯೊಂದನ್ನು ಪ್ರತಿಷ್ಠಾಪಿಸಿ, ಕಿಟಕಿ ಬಾಗಿಲುಗಳ ಸಂದುಗೊಂದುಗಳಿಗೆಲ್ಲ ರಬ್ಬರ್ ಪಟ್ಟಿ ಮೆತ್ತಿ, ಇರುವೆಯೂ ಅಪ್ಪಣೆ ಕೇಳಿ ಒಳಬರುವಂತೆ ಮಾಡಿದರು. ಒಲೆ ಹೇಳಿದ ಹಾಗೆ ಉರಿಯಿತು. (ಮನೆಯಲ್ಲಿ ಅವರ ಮಾತು ಕೇಳುತ್ತಿದ್ದುದು ಅದೊಂದೇ.)

ಅತ್ತೆಯವರು ಬಂದ ದಿನ ಅದೂ ತಿರುಗಿಬಿತ್ತು. ಅವರು ಅಡುಗೆಮನೆ ಹೊಕ್ಕು ಬಾಣಲೆ ಇಟ್ಟಿದ್ದೇ ತಡ, ಹೊಗೆ ನಡುಮನೆಗೆ ನುಗ್ಗಿ ಮೇಷ್ಟ್ರ ಕಣ್ಣಲ್ಲಿ ನೀರು ತರಿಸಿತು. (ಅತ್ತೆ ಅದನ್ನು ಆನಂದಬಾಷ್ಪವೆಂದೇ ತಿಳಿದರು.) ಅವರು ಹೋದರೆ ಹೊಗೆ ಮಾಯ, ಬಂದರೆ ಹಾಜರು. ಮೇಷ್ಟ್ರು ಕಾರ್ಯಕಾರಣ ಸಂಬಂಧ ಕಂಡುಕೊಂಡರು. ಚಳಿಗಾಲವಿಡೀ ತಾಯಿಯನ್ನು ಇರಿಸಿಕೊಳ್ಳುವ ಮಾತನ್ನು ಹೆಂಡತಿ ಎತ್ತಿದಾಗ, ವಯಸ್ಸಾದವರಿಗೆ ಹೊಗೆ ಒಳ್ಳೆಯದಲ್ಲ, ಭಾವಮೈದುನನ ಮನೆಯೇ ಕ್ಷೇಮ ಎಂದು ಬಹು ಕಳಕಳಿಯಿಂದ ವಿವರಿಸಿದರು.

ಹೆಂಡತಿ ಅಡುಗೆಮನೆಗೆ ಹೋಗಿ ಗಾಳಿ ಹೊರಹಾಕುವ ಫ್ಯಾನ್ ಒತ್ತಿದಳು. ಅತ್ತೆಯಿಲ್ಲದ ಮನೆಯಲ್ಲೂ ಒಲೆ ಭುಸ್ಸೆಂದಿತು. ಕಿಟಕಿಯನ್ನು ಬೆರಳಷ್ಟು ತೆರೆದಳು. ಹೊಗೆ ತೆಪ್ಪಗೆ ಹೊಗೆಕೊಳವೆ ಹಿಡಿಯಿತು.

"ಸದ್ದಾಗುತ್ತೆ ಅಂತ ನಾನು ಇದನ್ನ ಹಾಕಲ್ಲ, ಅಮ್ಮ ಹಾಕ್ತಾಳೆ. ಇದು ಮನೆ ಗಾಳೀನ ಹೊರಗೆ ಎಳೆಯುತ್ತೆ. ನೀವೋ ಒಂದು ಸಂದೂ ಬಿಟ್ಟಿಲ್ಲ. ಇನ್ನು ಗಾಳಿ ಎಲ್ಲಿಂದ ಬರ್ಬೇಕು? ಹೊಗೆ ಹೋಗೋ ದಾರೀಲೇ ಇಳಿಯುತ್ತೆ, ಹೊಗೇನೂ ಕರ್ಕೊಂಡು."

ವಾಯುಭಾರ ಹೆಚ್ಚಿದ್ದಲ್ಲಿಂದ ಕಡಿಮೆಯಿದ್ದಲ್ಲಿಗೆ ಗಾಳಿ ಬೀಸುತ್ತದೆಂದು ಜೀವಮಾನವಿಡೀ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ ಮೇಷ್ಟ್ರು ಕೆಮ್ಮಿದರು. ಆ ಕೆಮ್ಮಿಗೆ ಹೊಗೆ ಕಾರಣವಾಗಿರಲಿಲ್ಲ.

ಅಂದಿನಿಂದ ಹೆಂಡತಿಯೂ ಅಡುಗೆಗೆ ಫ್ಯಾನ್ ಹಾಕತೊಡಗಿದಳು. ಒಲೆಗೆ ಹೊರಗಿನ ಗಾಳಿ ತರುವ ಪೈಪು ಬೇಕೇ, ಬೇಡವೇ? ಬೇಡವೆಂದರೆ ಕಿಟಕಿ ತೆರೆದಿಟ್ಟು ಚಳಿಯಲ್ಲಿ ಸಾಯಬೇಕು. ಬೇಕೆಂದರೆ ತಾವೇ ಮುಚ್ಚಿದ ಕೋಟೆಗೆ ತಾವೇ ತೂತು ಹೊಡೆಸಬೇಕು. ಮೇಲಾಗಿ, ಅತ್ತೆಯನ್ನು ತಡೆಯಲು ನೆಪ ಉಳಿಯದು. ಕೆಲವು ದಿನ ಕಿಟಕಿ ತೆರೆದು, ಶಾಲು ಹೊದ್ದು, ಹಲ್ಲು ಕಟಕಟಿಸಿದ ಮೇಲೆ ಮೇಷ್ಟ್ರು ಗಾರೆಯವನಿಗೆ ಹೇಳಿಕಳಿಸಿದರು. ಗೋಡೆ ಕೊರೆದು ಒಲೆಯ ಬುಡಕ್ಕೆ ಪೈಪು ಜೋಡಿಸಿದ್ದಾಯಿತು. ಫ್ಯಾನ್ ಎಷ್ಟೇ ಅಬ್ಬರಿಸಿದರೂ ಒಲೆ ನಿಗಿನಿಗಿ ಉರಿಯಿತು.

ಅತ್ತೆ ಬಂದರು. ಪೈಪನ್ನು ಮುಟ್ಟಿ ನೋಡಿ, ಮೇಷ್ಟ್ರ ಕುರ್ಚಿಯಲ್ಲೇ ಕೂತರು.

"ನಾಲ್ಕು ದಿನ ಇದ್ದು ಹೋಗೋಣ ಅಂತಿದ್ದೆ. ನನಗೆ ಹೊಗೆ ತಾಗಬಾರದು ಅಂತ ಗೋಡೇನೇ ಕೊರೆಸಿದೀರಂತೆ. ಇನ್ನು ಬೇಸಿಗೆಗೆ ಮುಂಚೆ ಹೊರಟ್ರೆ ನಿಮ್ಮ ಮನಸ್ಸಿಗೆ ನೋವಾಗಲ್ವಾ, ಅಳಿಯಂದ್ರೇ?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಅವಳು ಸೌದೆ ಜೋಡಿಸುವುದರಲ್ಲಿ ಮಗ್ನಳಾಗಿದ್ದಳು.

"ಆಗುತ್ತೆ," ಎಂದರು ಮೇಷ್ಟ್ರು, ಮೂಲೆಯ ಸ್ಟೂಲನ್ನು ಎಳೆದುಕೊಳ್ಳುತ್ತಾ. ಅತ್ತೆ ಬಿಸಿಬಿಸಿಯಾಗಿ ಕರಿದು ತಂದ ತಿಂಡಿಯ ತಟ್ಟೆ ಕೈಗೆ ಬಂದ ಮೇಲೆ, ಆ ಮಾತು ಅವರಿಗೇ ಅಷ್ಟೇನೂ ಸುಳ್ಳೆನಿಸಲಿಲ್ಲ.