ಒಳ್ಳೆಯ ಬ್ಯಾಕ್ಟೀರಿಯಾ ಮತ್ತು ಅಳಿಯನ ಹುಂಜ

ಮಗಳ ಮದುವೆಯಾದ ಮೇಲೆ ಅಳಿಯ ಮೊದಲ ಸಲ ಸಮ್ಮಾನದ ಊಟಕ್ಕೆ ನಾವುಂದ ಊರಿನ ನಮ್ಮ ಮನೆಗೆ ಐದಾರು ತಿಂಗಳಲ್ಲಿ ಬರುವವನಿದ್ದ. ಹೊಸ ಅಳಿಯನಿಗೆ ಮನೆಯಲ್ಲೇ ಸಾಕಿದ ಹುಂಜದ ಸಾರು ಆಗಬೇಕು. ಅಂಗಡಿ ಕೋಳಿ ತಂದರೆ ಮಾನ ಹೋಗುತ್ತದೆ. ಈ ಮಾನರಕ್ಷಣೆಯ ಸಂಪೂರ್ಣ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ!

ಬ್ರಹ್ಮಾವರದಲ್ಲಿ ಕೋಳಿ ಸಾಕಣೆಯ ತರಬೇತಿ ಮುಗಿಸಿ ಬಂದವನು ನಾನು. ಕೋಳಿಯ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಿದರೆ ತಿಂದದ್ದು ಮೈಗೆ ಹತ್ತುತ್ತದೆ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಆ ಬ್ಯಾಕ್ಟೀರಿಯಾದ ಪುಡಿಯನ್ನೂ ತಂದಿದ್ದೆ. ಹೆಂಡತಿ ಗಿರಿಜೆ ಸಾಕುತ್ತಿದ್ದ ಕೋಳಿಮರಿಗಳಲ್ಲಿ ಅರ್ಧವನ್ನು ಬೇರೆ ಗೂಡಿಗೆ ಹಾಕಿ ಘೋಷಿಸಿದೆ:

"ಸಾರಿಗೆ ಬೀಳೂದ್ ನನ್ ಹುಂಜವೇ. ಸೋತ್ರೆ ಇನ್ ಮುಂದೆ ಗೂಡ್ ತೊಳೂದ್ ನಾನೇ!"

"ಆಯ್ತ್ ಮಾರಾಯ್ರೆ, ಆಡಿದ್ ಮಾತ್ ನೆನಪಿರ್ಲಿ" ಎಂದಳು. ಅವಳ ಮರಿಗಳು ಎಂದಿನಂತೆ ಗೊಬ್ಬರದ ಗುಂಡಿ ಕೆದಕಲು ಹೋದವು.

ನಾನು ಕುದಿಯುವ ಗಂಜಿಗೆ ಪುಡಿ ಸುರಿದು, ಚೆನ್ನಾಗಿ ಬೆರೆಯಲೆಂದು ಇನ್ನೊಂದು ಕುದಿ ಕೊಟ್ಟು, ಆರಿಸಿ ಇಡುತ್ತಿದ್ದೆ. ಮರಿಗಳು ತಿಂದವು, ಮಲಗಿದವು, ಬೆಳೆಯಲಿಲ್ಲ. ಡಬ್ಬಿ ಮಾತ್ರ ಖಾಲಿಯಾಯಿತು. ಡಾಕ್ಟರಿಗೆ ಫೋನ್ ಮಾಡಿದೆ.

"ಕುದಿಯುವ ಗಂಜಿಗಾ? ಅದು ಜೀವ ಇರುವ ಬ್ಯಾಕ್ಟೀರಿಯಾ ಮಾರಾಯ್ರೆ! ಕೋಳಿ ಸಾರಿಗೆ ಮೊದಲೇ ನೀವು ಅದರ ಸಾರು ಮಾಡಿದ್ರಿ!"

ಛಲ ಬಿಡುವ ಜಾಯಮಾನ ನನ್ನದಲ್ಲ. ಹೊಸ ಡಬ್ಬಿ ತಂದು ತಣ್ಣೀರಿನಲ್ಲಿ ಕಲಸಿ ಕೊಟ್ಟೆ. ಮರಿಗಳು ಚುರುಕಾದವು, ರೆಕ್ಕೆ ಹೊಳೆಯಿತು. ಆಗ ಒಂದು ಹುಂಜ ಸೀನಿತು! ನಾನು ಆ್ಯಂಟಿಬಯೋಟಿಕ್ ಹುಡುಕಿದೆ.

"ಹ್ವಾಯ್, ಒಂದ್ ಸೀನಿಗೆಲ್ಲ ಮದ್ದ್ ಕೊಡ್ತ್ರಾ? ಸುಮ್ನಿರಿ ಕಾಂಬ" ಎಂದಳು ಗಿರಿಜೆ.

ಸುಮ್ಮನಿರುವುದನ್ನು ತರಬೇತಿಯಲ್ಲಿ ಕಲಿಸಿರಲಿಲ್ಲ. ನನ್ನ ಗೂಡಿನ ಎಲ್ಲ ಕೋಳಿಗಳ ನೀರಿಗೂ ಮದ್ದು ಬೆರೆಸಿದೆ. ಮತ್ತೆ ಬೆಳವಣಿಗೆ ನಿಂತಿತು. ಮತ್ತೆ ಫೋನ್.

"ಆ ಮದ್ದಿಗೆ ಒಳ್ಳೆಯವರು, ಕೆಟ್ಟವರು ಅಂತ ಭೇದ ಇಲ್ಲ. ನಿಮ್ಮ ಪುಡಿಯನ್ನೂ ಕೊಂದಿರುತ್ತದೆ. ಮದ್ದಿನ ಅಂಶ ಮೈಯಿಂದ ಇಳಿಯುವವರೆಗೆ ಆ ಕೋಳಿಯನ್ನು ತಿನ್ನಲೂ ಬಾರದು."

ಅಳಿಯನ ಊಟಕ್ಕೆ ಎರಡೇ ದಿನ ಉಳಿದಿತ್ತು!

ಮಾನ ಉಳಿಸಿದ್ದು ಗಿರಿಜೆಯ ಹುಂಜ. ಅಳಿಯ ಸಾರಿನಲ್ಲಿ ರೊಟ್ಟಿ ಅದ್ದಿ ತಿನ್ನುತ್ತಾ, "ಮಾವ, ಎಂತ ಹಾಕಿ ಸಾಕಿದ್ರಿ ಇದನ್ನ?" ಎಂದು ಕೇಳಿದ. ನಾನು ಉತ್ಸಾಹದಿಂದ ಬಾಯಿ ತೆರೆದೆ. ಗಿರಿಜೆ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಇದಕ್ಕೆ ನಾನ್ ಎಂತದೂ ಹಾಕ್ಲಿಲ್ಲೆ" ಎಂದೆ. ಅಷ್ಟು ಸತ್ಯ ನಾನು ಆ ವರ್ಷ ನುಡಿದಿರಲಿಲ್ಲ.

ಕೊಟ್ಟ ಮಾತಿನಂತೆ ಮರುದಿನ ಪೊರಕೆ, ಬಕೆಟ್ ಹಿಡಿದು ನನ್ನ ಗೂಡಿನ ಚಿಲಕಕ್ಕೆ ಕೈ ಹಾಕಿದೆ. ಬಾಗಿಲು ತೆರೆಯುವ ಅಗತ್ಯವೇ ಬೀಳಲಿಲ್ಲ. ನನ್ನ ಹುಂಜಗಳು ಸರಳುಗಳ ಸಂದಿನಿಂದಲೇ ಹೊರಗೆ ಬಂದವು!